ಚರ್ಮದ ಬಣ್ಣ, ವೈದ್ಯ ಪಠ್ಯ ಮತ್ತು ಒಬ್ಬ ವಿದ್ಯಾರ್ಥಿಯ ಕೈಪಿಡಿ

ಲಂಡನ್ ನಗರದ ನೆಲದಡಿ ರೈಲಿನ ಹಲವು ನಿಲ್ದಾಣಗಳಲ್ಲಿ ಒಂದು ಎಚ್ಚರಿಕೆ ಕೇಳಿಬರುತ್ತದೆ: 'ಮೈಂಡ್ ದ ಗ್ಯಾಪ್'. ರೈಲಿಗೂ ಪ್ಲಾಟ್‌ಫಾರಂಗೂ ನಡುವೆ ಸಂದು ಇದೆ, ಕಾಲು ಜೋಪಾನ ಎಂದು ಅದರ ಅರ್ಥ. 2020ರ ಆಗಸ್ಟ್‌ನಲ್ಲಿ ಇದೇ ಹೆಸರಿನ ಒಂದು ಕೈಪಿಡಿ ಆ ನಗರದ ಸೇಂಟ್ ಜಾರ್ಜ್ ವೈದ್ಯ ಸಂಸ್ಥೆಯಿಂದ ಹೊರಬಂದಿತು. ಕಪ್ಪು ಮತ್ತು ಕಂದು ಚರ್ಮದಲ್ಲಿ ರೋಗಲಕ್ಷಣಗಳು ಹೇಗೆ ಕಾಣುತ್ತವೆ ಎಂಬುದು ಅದರ ವಿಷಯ. ಅದನ್ನು ರೂಪಿಸಿದವರಲ್ಲಿ ಮೊದಲಿಗರಾದ ಮಲೋನ್ ಮುಕ್ವೆಂಡೆ ಆಗಿನ್ನೂ ಎರಡನೆಯ ವರ್ಷದ ವೈದ್ಯ ವಿದ್ಯಾರ್ಥಿ. ಅವರ ಜತೆಗೂಡಿದವರು ಅದೇ ಸಂಸ್ಥೆಯ ಮಾರ್ಗೋ ಟರ್ನರ್ ಮತ್ತು ಪೀಟರ್ ಟಮೋನಿ. ಕೈಪಿಡಿಯನ್ನು ಯಾರು ಬೇಕಾದರೂ ಹಣ ಕೊಡದೆ ಇಳಿಸಿಕೊಂಡು ಓದಬಹುದು.

ಎರಡನೆಯ ವರ್ಷದ ವಿದ್ಯಾರ್ಥಿಯೊಬ್ಬ ಪಠ್ಯಪುಸ್ತಕಗಳ ಕೊರತೆಯನ್ನು ತುಂಬಲು ಹೊರಟದ್ದು ಅಪರೂಪದ ಸಂಗತಿ. ಆದರೆ ಅವರು ಕೇಳಿದ ಪ್ರಶ್ನೆ ಬಹಳ ಸರಳ. ತರಗತಿಯಲ್ಲಿ ಗಂದೆ, ಬಿಳಿಚಿಕೊಳ್ಳುವಿಕೆ, ನೀಲಿಗಟ್ಟಿದ ತುಟಿ ಇವನ್ನೆಲ್ಲ ತೋರಿಸುವಾಗ ಬರುತ್ತಿದ್ದುದು ಬಿಳಿ ಚರ್ಮದ ಚಿತ್ರಗಳು. ನನ್ನಂಥವರ ಚರ್ಮದಲ್ಲಿ ಇದು ಹೇಗೆ ಕಾಣುತ್ತದೆ? ಈ ಪ್ರಶ್ನೆ ನಮ್ಮ ಬಳ್ಳಾರಿಯ ಅಥವಾ ಕಲಬುರಗಿಯ ವೈದ್ಯ ಕಾಲೇಜಿನ ಹುಡುಗಿಗೂ ಬರಬೇಕಾದದ್ದೇ. ಆದ್ದರಿಂದ ಈ ಕೈಪಿಡಿಯನ್ನು ಭೌತವಿಜ್ಞಾನ ಕಲಿಸುವವನ ಕಣ್ಣಿನಿಂದ ನೋಡುವುದು ಉಪಯುಕ್ತ ಎಂದುಕೊಂಡಿದ್ದೇನೆ. ಬಣ್ಣವೆಂದರೆ ಕೊನೆಗೂ ಬೆಳಕಿನ ವ್ಯವಹಾರ ತಾನೆ?

ಮೊದಲು ಆ ಕ್ಯಾಂಪಸ್ಸಿನ ಬಗ್ಗೆ ಎರಡು ಮಾತು. ಸೇಂಟ್ ಜಾರ್ಜ್ ಆಸ್ಪತ್ರೆ ಹಿಂದೆ ಲಂಡನ್ನಿನ ಹೈಡ್ ಪಾರ್ಕ್ ಮೂಲೆಯಲ್ಲಿತ್ತು. ಸಿಡುಬಿಗೆ ಲಸಿಕೆ ಕಂಡುಹಿಡಿದ ಎಡ್ವರ್ಡ್ ಜೆನ್ನರ್ 1770ರ ದಶಕದ ಆರಂಭದಲ್ಲಿ ಅಲ್ಲಿ ಜಾನ್ ಹಂಟರ್‌ನ ಶಿಷ್ಯನಾಗಿದ್ದ. ವೈದ್ಯ ವಿದ್ಯಾರ್ಥಿಗಳಿಗೆಲ್ಲ ಹೆಸರು ಗೊತ್ತಿರುವ 'ಗ್ರೇಸ್ ಅನಾಟಮಿ'ಯನ್ನು 1858ರಲ್ಲಿ ಹೊರತಂದ ಹೆನ್ರಿ ಗ್ರೇ ಅಲ್ಲಿನ ಅಧ್ಯಾಪಕ. ಮೂರು ವರ್ಷಗಳ ಬಳಿಕ, ಜೆನ್ನರ್ ಓದಿದ್ದ ಆಸ್ಪತ್ರೆಯ ಈ ಅಧ್ಯಾಪಕ ಸಿಡುಬಿನಿಂದಲೇ ತೀರಿಕೊಂಡ! ಆ ಪುಸ್ತಕದ ಚಿತ್ರಗಳನ್ನೆಲ್ಲ ಬಿಡಿಸಿದವನು ಹೆನ್ರಿ ವ್ಯಾಂಡೈಕ್ ಕಾರ್ಟರ್. ಪುಸ್ತಕ ಹೊರಬಂದ ವರ್ಷವೇ ಕಾರ್ಟರ್ ಹಡಗು ಹತ್ತಿ ಮುಂಬಯಿಗೆ ಬಂದ. ಗ್ರಾಂಟ್ ವೈದ್ಯ ಕಾಲೇಜಿನಲ್ಲಿ ಅಂಗರಚನಾಶಾಸ್ತ್ರ ಕಲಿಸಿದ. ಬರಿಗಾಲಲ್ಲಿ ಹೊಲದಲ್ಲಿ ದುಡಿಯುವವರಿಗೆ ತಗಲುವ, ಮಧುರೆಯ ಹೆಸರು ಹೊತ್ತ 'ಮಧುರಾ ಪಾದ' ರೋಗವನ್ನೂ ಕುಷ್ಠವನ್ನೂ ದಶಕಗಳ ಕಾಲ ಅಧ್ಯಯನ ಮಾಡಿದ. 1874ರಲ್ಲಿ ಎರಡರ ಮೇಲೂ ಗ್ರಂಥ ಪ್ರಕಟಿಸಿದ. ಅಂದರೆ, ಜಗತ್ತಿನ ಅತ್ಯಂತ ಪ್ರಸಿದ್ಧ ವೈದ್ಯ ಪಠ್ಯದ ಚಿತ್ರಕಾರನೇ ಭಾರತೀಯರ ಚರ್ಮವನ್ನು ಹತ್ತಿರದಿಂದ ನೋಡಿದವನು. ಆದರೂ ಅವನ ಮೊದಲ ಪುಸ್ತಕ ಎಲ್ಲರ ಕಪಾಟಿಗೆ ಹೋಯಿತು. ಎರಡನೆಯ ಬಗೆಯ ಪುಸ್ತಕಗಳು ಗ್ರಂಥಾಲಯದ ಹಿಂದಿನ ಸಾಲಿಗೆ ಸೇರಿದವು. ಮುಕ್ವೆಂಡೆ ಹೇಳುವ 'ಸಂದು' ನಿನ್ನೆ ಮೊನ್ನೆಯದಲ್ಲ. (ಈ ಸಂಸ್ಥೆ 2024ರ ಆಗಸ್ಟ್‌ನಲ್ಲಿ ಸಿಟಿ ವಿಶ್ವವಿದ್ಯಾಲಯದೊಡನೆ ವಿಲೀನವಾಗಿ ಈಗ ಸಿಟಿ ಸೇಂಟ್ ಜಾರ್ಜ್ ಎಂಬ ಹೆಸರು ಪಡೆದಿದೆ.)

ಸಂದು ಎಷ್ಟು ಅಗಲ? 2018ರಲ್ಲಿ ಪೆಟ್ರೀಶಿಯಾ ಲೂಯಿ ಮತ್ತು ರೀಮಾ ವಿಲ್ಕ್ಸ್ ಎಂಬ ಸಮಾಜವಿಜ್ಞಾನಿಗಳು ಉತ್ತರ ಅಮೆರಿಕದಲ್ಲಿ ಹೆಚ್ಚು ಬಳಕೆಯಲ್ಲಿರುವ ನಾಲ್ಕು ವೈದ್ಯ ಪಠ್ಯಗಳ ನಾಲ್ಕು ಸಾವಿರಕ್ಕೂ ಮಿಕ್ಕಿದ ಚಿತ್ರಗಳನ್ನು ಎಣಿಸಿದರು. ಕಡುಬಣ್ಣದ ಚರ್ಮವಿದ್ದದ್ದು ನೂರಕ್ಕೆ ಐದಕ್ಕಿಂತಲೂ ಕಡಿಮೆ. ಆ ನಾಲ್ಕರಲ್ಲಿ ವಿದ್ಯಾರ್ಥಿಗಳಿಗಾಗಿ ಸಿದ್ಧಪಡಿಸಿದ ಗ್ರೇಸ್ ಅನಾಟಮಿಯೂ ಒಂದು. 2021ರ ಡಿಸೆಂಬರ್‌ನಲ್ಲಿ ನೈಜೀರಿಯದ ವೈದ್ಯ ವಿದ್ಯಾರ್ಥಿ ಚಿಡಿಬೇರೆ ಇಬೆ ಬಿಡಿಸಿದ, ಗರ್ಭದಲ್ಲಿರುವ ಕಪ್ಪು ಶಿಶುವಿನ ಚಿತ್ರ ಜಗತ್ತಿನಾದ್ಯಂತ ಸುದ್ದಿಯಾಯಿತು. ಅಂಥದೊಂದು ಚಿತ್ರವನ್ನು ತಾವು ಅದುವರೆಗೆ ನೋಡಿಯೇ ಇರಲಿಲ್ಲ ಎಂದು ಅನೇಕ ವೈದ್ಯರೇ ಹೇಳಿದರು.

ಇನ್ನು ಕೈಪಿಡಿಗೆ ಬರೋಣ. ಅದರ ವಿಧಾನ ನೇರ. ಒಂದೇ ಲಕ್ಷಣವನ್ನು ತಿಳಿ ಚರ್ಮದಲ್ಲಿ ಮತ್ತು ಕಡು ಚರ್ಮದಲ್ಲಿ ಅಕ್ಕಪಕ್ಕ ಇಟ್ಟು ತೋರಿಸುವುದು, ಜತೆಗೆ ಬಳಸಬೇಕಾದ ಭಾಷೆಯನ್ನು ಚರ್ಚಿಸುವುದು. ಈ ಎರಡನೆಯ ಭಾಗವೇ ನನಗೆ ಹೆಚ್ಚು ಬೆಲೆಯುಳ್ಳದ್ದಾಗಿ ಕಂಡಿತು. ದೂರವಾಣಿಯಲ್ಲಿ ವೈದ್ಯರು 'ತುಟಿ ನೀಲಿಯಾಗಿದೆಯೇ? ಮಗು ಬಿಳಿಚಿಕೊಂಡಿದೆಯೇ?' ಎಂದು ಕೇಳಿದರೆ ಕಪ್ಪು ಮಗುವಿನ ತಾಯಿ ಏನೆಂದು ಉತ್ತರಿಸಬೇಕು? ನಮ್ಮಲ್ಲಿ ತಾಯಂದಿರು 'ಮುಖ ಕಪ್ಪಿಟ್ಟಿದೆ', 'ಕಳೆಗುಂದಿದೆ', 'ಬಾಡಿದೆ' ಎನ್ನುತ್ತಾರೆ. ಇಂಗ್ಲಿಷ್ ಪಠ್ಯದಲ್ಲಿ ಓದಿದ ಕಿರಿಯ ವೈದ್ಯನಿಗೆ ಇದು ಅವೈಜ್ಞಾನಿಕವೆನಿಸಬಹುದು. ವಾಸ್ತವವಾಗಿ ಕಂದು ಚರ್ಮದ ಅಡಿ ರಕ್ತ ಕಡಿಮೆಯಾದಾಗ ಕಾಣುವುದು ಬಿಳುಪಲ್ಲ, ಬೂದಿಯಂಥ ಮಂಕು. ತಾಯಿ ಕಂಡದ್ದನ್ನೇ ಹೇಳುತ್ತಿದ್ದಾಳೆ. ಪಠ್ಯ ಮಾತ್ರ ಬೇರೆಯವರು ಕಂಡದ್ದನ್ನು ಹೇಳುತ್ತಿದೆ.

ಆದರೆ ಕೈಪಿಡಿಯ ಬಗ್ಗೆ ನನ್ನ ಮೊದಲ ಆಕ್ಷೇಪ ಇಲ್ಲಿದೆ. ಅದು ತೋರಿಸುತ್ತದೆ, ವಿವರಿಸುವುದಿಲ್ಲ. ಕೆಂಪು ಏಕೆ ಕಪ್ಪು ಚರ್ಮದಲ್ಲಿ ನೇರಳೆಯಾಗುತ್ತದೆ ಅಥವಾ ಅಡಗಿಯೇ ಹೋಗುತ್ತದೆ? ಕಾರಣ ತಿಳಿಯದೆ ಚಿತ್ರಗಳನ್ನಷ್ಟೇ ಉರುಹೊಡೆದವನು, ಚಿತ್ರದಲ್ಲಿಲ್ಲದ ಬಣ್ಣದ ರೋಗಿ ಬಂದಾಗ ಮತ್ತೆ ತಬ್ಬಿಬ್ಬಾಗುತ್ತಾನೆ. ಎಲ್ಲರ ಚರ್ಮದಲ್ಲೂ ಮೆಲನಿನ್ ತಯಾರಿಸುವ ಕೋಶಗಳ ಸಂಖ್ಯೆ ಹೆಚ್ಚು ಕಡಿಮೆ ಒಂದೇ. ಮೆಲನಿನ್‌ನ ಪ್ರಮಾಣ, ಕಣಗಳ ಗಾತ್ರ ಮತ್ತು ಹಂಚಿಕೆ ಬೇರೆ. ಹಾಗಾಗಿ ಬಣ್ಣ ಎಂಬುದು ಎರಡು ಪೆಟ್ಟಿಗೆಗಳಲ್ಲ, ಅಖಂಡವಾದ ಒಂದು ಶ್ರೇಣಿ. ಒಂದೇ ಮನೆಯ ಅಕ್ಕತಂಗಿಯರಲ್ಲಿ ಅರ್ಧ ಶ್ರೇಣಿ ಸಿಗುವ ನಮ್ಮ ನಾಡಿನಲ್ಲಿ ಎಡಕ್ಕೊಂದು ಬಲಕ್ಕೊಂದು ಚಿತ್ರ ಸಾಲದು.

ಕಾರಣವನ್ನು ಪಿಯುಸಿ ಮಟ್ಟದ ಲೆಕ್ಕದಲ್ಲೇ ನೋಡಬಹುದು. ಚರ್ಮದ ಮೇಲ್ಪದರ, ಅಂದರೆ ಎಪಿಡರ್ಮಿಸ್, ದೇಹದ ಬಹುಭಾಗದಲ್ಲಿ ಮಿಲಿಮೀಟರಿನ ಹತ್ತನೆಯ ಒಂದು ಭಾಗದಷ್ಟು ದಪ್ಪ. ಮೆಲನಿನ್ ಇರುವುದು ಇಲ್ಲಿ. ರಕ್ತನಾಳಗಳಿರುವುದು ಅದರ ಕೆಳಗಿನ ಡರ್ಮಿಸ್‌ನಲ್ಲಿ. ಹೀಮೊಗ್ಲೋಬಿನ್ ಹಸಿರು ಬೆಳಕನ್ನು, ವಿಶೇಷವಾಗಿ 540 ಮತ್ತು 577 ನ್ಯಾನೋಮೀಟರಿನ ಆಸುಪಾಸಿನಲ್ಲಿ, ಚೆನ್ನಾಗಿ ಹೀರುತ್ತದೆ. ಕೆಂಪನ್ನು ಹೆಚ್ಚಾಗಿ ಬಿಟ್ಟುಕೊಡುತ್ತದೆ. ಉರಿಯೂತದಿಂದ ನಾಳಗಳು ಹಿಗ್ಗಿದಾಗ ಹಿಂತಿರುಗಿ ಬರುವ ಹಸಿರು ಇನ್ನಷ್ಟು ಕಡಿಮೆಯಾಗುತ್ತದೆ. ಅದನ್ನೇ ನಾವು 'ಕೆಂಪಾಗಿದೆ' ಎನ್ನುತ್ತೇವೆ. ಅಂದರೆ ಕೆಂಪಾಗುವುದು ಎಂದರೆ ಹಸಿರು ಕಳೆಯುವುದು.

ಈಗ ತಿಳಿಯಲೆಂದು ಕೆಲವು ಅಂಕಿಗಳನ್ನು ಊಹಿಸಿಕೊಳ್ಳೋಣ. ಡರ್ಮಿಸ್ ಸಾಮಾನ್ಯ ಸ್ಥಿತಿಯಲ್ಲಿ ತನಗೆ ಮುಟ್ಟಿದ ಹಸಿರಿನ ನೂರರಲ್ಲಿ 50 ಪಾಲನ್ನೂ ಉರಿಯೂತವಾದಾಗ 30 ಪಾಲನ್ನೂ ಹಿಂದಿರುಗಿಸಲಿ. ತಿಳಿ ಚರ್ಮದ ಮೇಲ್ಪದರ ಹಸಿರಿನ 80 ಪಾಲನ್ನು ಒಳಗೆ ಬಿಡುತ್ತದೆ, ಕಡು ಚರ್ಮದ್ದು 25 ಪಾಲನ್ನು. ಬೆಳಕು ಈ ಪದರವನ್ನು ಎರಡು ಸಲ ದಾಟಬೇಕು: ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ. ಹಾಗಾಗಿ ವರ್ಗ ಮಾಡಬೇಕು. 0.8ರ ವರ್ಗ 0.64, 0.25ರ ವರ್ಗ ಕೇವಲ 0.0625. ತಿಳಿ ಚರ್ಮದಿಂದ ಹೊರಬರುವ ಹಸಿರು 32ರಿಂದ ಸುಮಾರು 19ಕ್ಕೆ ಇಳಿಯುತ್ತದೆ. ಕಡು ಚರ್ಮದಿಂದ ಬರುವುದು 3.1ರಿಂದ 1.9ಕ್ಕೆ. ಚುರುಕಾದ ವಿದ್ಯಾರ್ಥಿ ಇಲ್ಲಿ ಎದ್ದು ನಿಂತು, ಸಾರ್, ಅನುಪಾತ ಎರಡರಲ್ಲೂ ಒಂದೇ ಅಲ್ಲವೇ, ನೂರಕ್ಕೆ 40ರಷ್ಟು ಇಳಿಕೆ, ಮತ್ತೇಕೆ ಕಾಣುವುದಿಲ್ಲ ಎಂದು ಕೇಳಬೇಕು. ಕೇಳಿದರೆ ಅವನಿಗೆ ಪೂರ್ಣ ಅಂಕ.

ಉತ್ತರ ಚರ್ಮದ ಹೊರಮೈಯಲ್ಲಿದೆ. ಗಾಳಿಯಿಂದ ಚರ್ಮಕ್ಕೆ ಹೋಗುವಾಗ ವಕ್ರೀಭವನಾಂಕ ಬದಲಾಗುವುದರಿಂದ ಬೆಳಕಿನ ನೂರರಲ್ಲಿ ಸುಮಾರು 4-5 ಪಾಲು ಒಳಗೆ ಹೋಗದೆ ಮೇಲಿನಿಂದಲೇ ಪ್ರತಿಫಲಿಸುತ್ತದೆ. ಈ ಬೆಳಕಿಗೆ ಮೆಲನಿನ್ ಗೊತ್ತಿಲ್ಲ, ರಕ್ತವೂ ಗೊತ್ತಿಲ್ಲ. ಎಲ್ಲ ಚರ್ಮದಲ್ಲೂ ಹೆಚ್ಚು ಕಡಿಮೆ ಅಷ್ಟೇ. ಈ 5ನ್ನು ಎರಡೂ ಕಡೆ ಕೂಡಿಸಿ. ತಿಳಿ ಚರ್ಮದಲ್ಲಿ 37ರಿಂದ 24ಕ್ಕೆ, ನೂರಕ್ಕೆ 35ರಷ್ಟು ಇಳಿಕೆ. ಕಡು ಚರ್ಮದಲ್ಲಿ 8.1ರಿಂದ 6.9ಕ್ಕೆ, ನೂರಕ್ಕೆ 15ರಷ್ಟು ಮಾತ್ರ. ರೋಗದ ಸಂಕೇತ ಹೊಳಪಿನ ಗದ್ದಲದಲ್ಲಿ ಮುಳುಗಿಹೋಯಿತು. ಕಣ್ಣಿನ ತಪ್ಪೂ ಅಲ್ಲ, ರೋಗಿಯ ತಪ್ಪೂ ಅಲ್ಲ.

ಕಾರಣ ತಿಳಿದರೆ ಪರಿಹಾರವೂ ಹೊಳೆಯುತ್ತದೆ. ಮೇಲ್ಮೈಯಿಂದ ಪ್ರತಿಫಲಿಸಿದ ಬೆಳಕು ತನ್ನ ಧ್ರುವೀಕರಣವನ್ನು ಉಳಿಸಿಕೊಂಡಿರುತ್ತದೆ. ಒಳಗೆ ಹೋಗಿ ಹಲವು ಬಾರಿ ಚದರಿ ಬಂದ ಬೆಳಕು ಅದನ್ನು ಕಳೆದುಕೊಂಡಿರುತ್ತದೆ. ದೀಪದ ಮುಂದೆ ಒಂದು ಪೊಲರಾಯ್ಡ್, ನೋಡುವ ಕಣ್ಣಿನ ಮುಂದೆ ಅದಕ್ಕೆ ಲಂಬವಾಗಿ ಇನ್ನೊಂದು ಪೊಲರಾಯ್ಡ್ ಇಟ್ಟರೆ ಆ 5 ಪಾಲು ಹೊಳಪು ಮಾಯ. ಚರ್ಮವೈದ್ಯರ ಕೈಯಲ್ಲಿರುವ ಧ್ರುವೀಕೃತ ಬೆಳಕಿನ ಡರ್ಮೋಸ್ಕೋಪು ಮಾಡುವುದು ಇದನ್ನೇ. ಕೈಪಿಡಿಯಲ್ಲಿ ಈ ಬಗ್ಗೆ ಒಂದು ಪುಟವಿದ್ದಿದ್ದರೆ ಅದರ ಉಪಯೋಗ ಎಷ್ಟೋ ಹೆಚ್ಚುತ್ತಿತ್ತು.

ಎರಡನೆಯ ಆಕ್ಷೇಪ ಛಾಯಾಚಿತ್ರಗಳ ಕುರಿತದ್ದು. ಇದು ಈ ಕೈಪಿಡಿಯೊಂದರದೇ ದೋಷವಲ್ಲ, ಚಿತ್ರಗಳನ್ನು ನಂಬಿದ ಎಲ್ಲ ಪುಸ್ತಕಗಳದ್ದು. ಕ್ಯಾಮರಾ ಎಂಬುದು ನಿಷ್ಪಕ್ಷಪಾತಿ ಎಂಬ ನಂಬಿಕೆ ನಮ್ಮಲ್ಲಿದೆ. ಬಣ್ಣದ ಫಿಲ್ಮಿನ ಕಾಲದಲ್ಲಿ ಮುದ್ರಣದ ಬಣ್ಣ ಸರಿಹೊಂದಿಸಲು ಕೊಡಾಕ್ ಕಂಪನಿ ಕೊಡುತ್ತಿದ್ದ 'ಶರ್ಲಿ ಕಾರ್ಡ್' ಎಂಬ ಮಾದರಿಯಲ್ಲಿದ್ದದ್ದು ಬಿಳಿಯ ಹೆಣ್ಣಿನ ಮುಖ. ಇಂದಿನ ಮೊಬೈಲು ಕ್ಯಾಮರಾ ಬೆಳಕಿನ ಪ್ರಮಾಣವನ್ನೂ ಬಣ್ಣದ ಸಮತೋಲವನ್ನೂ ತಾನೇ ನಿರ್ಧರಿಸುತ್ತದೆ. ಕೆಲವು ಮಾದರಿಗಳಂತೂ ನಾವು ಕೇಳದೆಯೇ ಚರ್ಮವನ್ನು ನುಣುಪು ಮಾಡಿ ಬಿಳುಪೇರಿಸುತ್ತವೆ. ಮದುವೆ ಫೋಟೋಗೆ ಅದು ಸರಿ. ತಾಲ್ಲೂಕು ಆಸ್ಪತ್ರೆಯಿಂದ ಗಂದೆಯ ಫೋಟೋ ತೆಗೆದು ಜಿಲ್ಲಾ ಕೇಂದ್ರದ ತಜ್ಞರಿಗೆ ವಾಟ್ಸಾಪಿನಲ್ಲಿ ಕಳಿಸುವಾಗ ಅದೇ ಅನಾಹುತ. ಫೋಟೋದ ಮೂಲೆಯಲ್ಲಿ ಒಂದು ಬೂದುಬಣ್ಣದ ಕಾರ್ಡು ಇಡುವ ಅಭ್ಯಾಸ ಚರ್ಮದ ಚಿತ್ರಗಳಿಗೆ ಕಡ್ಡಾಯವಾಗಬೇಕು.

ಕಲಿಯುವ ಯಂತ್ರಗಳಿಗೂ ಇದೇ ಗತಿ. ಅಮೆರಿಕದ ಸ್ಟ್ಯಾನ್‌ಫೋರ್ಡಿನ ಸಂಶೋಧಕರು 2022ರಲ್ಲಿ ಬಗೆಬಗೆಯ ಚರ್ಮದ 656 ಚಿತ್ರಗಳನ್ನು ಕಲೆಹಾಕಿ, ಚರ್ಮರೋಗ ಗುರುತಿಸುವ ಕೃತಕ ಬುದ್ಧಿಮತ್ತೆಯ ಪ್ರೋಗ್ರಾಂಗಳನ್ನು ಅವುಗಳ ಮೇಲೆ ಪರೀಕ್ಷಿಸಿದರು. ಕಡು ಚರ್ಮದ ಚಿತ್ರಗಳಲ್ಲಿ ಅವುಗಳ ಸಾಮರ್ಥ್ಯ ಕುಸಿಯಿತು. ಯಾವ ಪಠ್ಯ ಓದಿದರೋ ಅದೇ ಉತ್ತರ ಬರೆದರು, ಅಷ್ಟೆ.

ಕಣ್ಣು ಮೋಸ ಹೋಗಬಹುದು, ಅಳೆಯುವ ಉಪಕರಣ ಮೋಸ ಹೋಗದು ಎಂದುಕೊಂಡವರಿಗೆ ಕೈಪಿಡಿ ಬಂದ ನಾಲ್ಕೇ ತಿಂಗಳಿಗೆ ಇನ್ನೊಂದು ಆಘಾತ ಕಾದಿತ್ತು. ಅದಕ್ಕೆ ಮೊದಲು ಉಪಕರಣದ ಕಥೆ ತಿಳಿಯಬೇಕು. ಕೋವಿಡ್ ಕಾಲದಲ್ಲಿ ಆಶಾ ಕಾರ್ಯಕರ್ತೆಯರು ಮನೆ ಮನೆಗೆ ಹೊತ್ತು ತಂದ, ಬೆರಳಿಗೆ ಕಚ್ಚಿಸುವ ಪಲ್ಸ್ ಆಕ್ಸಿಮೀಟರು ಎಲ್ಲರಿಗೂ ನೆನಪಿದೆ. ಅದರ ತತ್ತ್ವವನ್ನು 1974ರಲ್ಲಿ ಕಂಡುಕೊಂಡವರು ಜಪಾನಿನ ನಿಹೋನ್ ಕೋಡೆನ್ ಸಂಸ್ಥೆಯಲ್ಲಿದ್ದ ಎಂಜಿನಿಯರ್ ತಕುವೊ ಅವೊಯಾಗಿ. ಅವರು ಹೊರಟದ್ದು ಹೃದಯ ಪಂಪು ಮಾಡುವ ರಕ್ತದ ಪ್ರಮಾಣ ಅಳೆಯಲು. ನಾಡಿ ಬಡಿತದಿಂದ ಬೆಳಕಿನ ಸಂಕೇತ ಏರಿಳಿದು ಅಡ್ಡಿಯಾಗುತ್ತಿತ್ತು. ಆ ಅಡ್ಡಿಯನ್ನು ತೊಡೆದುಹಾಕುವ ಪ್ರಯತ್ನದಲ್ಲಿ, ಅಡ್ಡಿಯೊಳಗೇ ಮಾಹಿತಿ ಇದೆ ಎಂಬುದು ಅವರಿಗೆ ಹೊಳೆಯಿತು. ಅವೊಯಾಗಿ ತೀರಿಕೊಂಡದ್ದು 2020ರ ಏಪ್ರಿಲ್‌ನಲ್ಲಿ, ತಮ್ಮ ಉಪಕರಣ ಲೋಕದ ಮನೆಮಾತಾಗುತ್ತಿದ್ದ ದಿನಗಳಲ್ಲೇ.

ಉಪಕರಣದಲ್ಲಿ ಎರಡು ಎಲ್‌ಇಡಿ ದೀಪಗಳಿವೆ: 660 ನ್ಯಾನೋಮೀಟರಿನ ಕೆಂಪು ಮತ್ತು 940ರ ಅವಕೆಂಪು. ಆಮ್ಲಜನಕವಿಲ್ಲದ ಹೀಮೊಗ್ಲೋಬಿನ್ ಕೆಂಪನ್ನು, ಆಮ್ಲಜನಕ ಹೊತ್ತ ಹೀಮೊಗ್ಲೋಬಿನ್ನಿಗಿಂತ ಸುಮಾರು ಹತ್ತು ಪಟ್ಟು ಹೆಚ್ಚು ಹೀರುತ್ತದೆ. ಅವಕೆಂಪಿನಲ್ಲಿ ಸಂಬಂಧ ತಿರುವುಮುರುವು. ಎರಡೂ ಬೆಳಕಿನಲ್ಲಿ ನಾಡಿಯೊಡನೆ ಏರಿಳಿಯುವ ಭಾಗವನ್ನು ಸ್ಥಿರ ಭಾಗದಿಂದ ಭಾಗಿಸಿ, ಆ ಎರಡರ ಅನುಪಾತ ತೆಗೆದುಕೊಳ್ಳುತ್ತಾರೆ. ಅನುಪಾತ 1 ಇದ್ದರೆ ರಕ್ತದಲ್ಲಿ ಆಮ್ಲಜನಕದ ಪರ್ಯಾಪ್ತತೆ ಸುಮಾರು 85 ಎಂದು ಉಪಕರಣ ಓದುತ್ತದೆ, ಸುಮಾರು 0.5 ಇದ್ದರೆ 97ರ ಮೇಲೆ. ಚರ್ಮ, ಮೂಳೆ, ಉಗುರು ಇವೆಲ್ಲ ಸ್ಥಿರ ಭಾಗದಲ್ಲಿ ಸೇರಿ ಭಾಗಾಕಾರದಲ್ಲಿ ಕಳೆದುಹೋಗುತ್ತವೆ. ಮೆಲನಿನ್ ನಾಡಿಯ ಜತೆ ಬಡಿಯುವುದಿಲ್ಲವಲ್ಲ! ಆದ್ದರಿಂದ ಚರ್ಮದ ಬಣ್ಣ ಲೆಕ್ಕಕ್ಕೇ ಬರಬಾರದು. ಕಾಗದದ ಮೇಲೆ ವಾದ ಅಚ್ಚುಕಟ್ಟು.

2020ರ ಡಿಸೆಂಬರ್‌ನಲ್ಲಿ ಮಿಶಿಗನ್ ವಿಶ್ವವಿದ್ಯಾಲಯದ ಮೈಕಲ್ ಶೋಡಿಂಗ್ ಮತ್ತು ಸಂಗಡಿಗರು ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಪ್ರಕಟಿಸಿದ ಅಂಕಿಗಳು ಬೇರೆಯೇ ಹೇಳಿದವು. ಆಕ್ಸಿಮೀಟರು 92ರಿಂದ 96 ತೋರಿಸುತ್ತಿದ್ದಾಗ ಅಪಧಮನಿಯ ರಕ್ತ ತೆಗೆದು ನೇರವಾಗಿ ಅಳೆದರೆ ಪರ್ಯಾಪ್ತತೆ 88ಕ್ಕಿಂತ ಕೆಳಗಿದ್ದ ಸಂದರ್ಭಗಳು ಬಿಳಿಯ ರೋಗಿಗಳಲ್ಲಿ ನೂರಕ್ಕೆ 3.6, ಕಪ್ಪು ರೋಗಿಗಳಲ್ಲಿ 11.7. ಸುಮಾರು ಮೂರು ಪಟ್ಟು. ಇಂಥದೇ ಎಚ್ಚರಿಕೆಯನ್ನು ಜುಬ್ರಾನ್ ಮತ್ತು ಟೋಬಿನ್ ಎಂಬ ವೈದ್ಯರು 1990ರಲ್ಲೇ ಕೊಟ್ಟಿದ್ದರು. ಮೂವತ್ತು ವರ್ಷ ಅದು ಗ್ರಂಥಾಲಯದಲ್ಲಿ ಕುಳಿತಿತ್ತು.

ಅಚ್ಚುಕಟ್ಟಾದ ವಾದ ಎಲ್ಲಿ ಸೋರಿತು? ಕಾರಣ ಒಂದೇ ಅಲ್ಲ. ಎಲ್‌ಇಡಿಯ ಬೆಳಕು ಒಂದೇ ತರಂಗದೂರದ್ದಲ್ಲ. 660ರ ಎರಡೂ ಪಕ್ಕಕ್ಕೆ ಹರಡಿರುತ್ತದೆ. ಮೆಲನಿನ್ ಕಿರಿಯ ತರಂಗದೂರವನ್ನು ಹೆಚ್ಚು ಹೀರುವುದರಿಂದ, ಅದನ್ನು ದಾಟಿದ ಕೆಂಪಿನ ಸರಾಸರಿ ತುಸು ದೀರ್ಘ ತರಂಗದೂರದ ಕಡೆ ವಾಲುತ್ತದೆ. ಅಲ್ಲಿ ಆಮ್ಲಜನಕವಿಲ್ಲದ ಹೀಮೊಗ್ಲೋಬಿನ್ನಿನ ಹೀರಿಕೆ ಕಡಿಮೆ. ಅನುಪಾತ ಕಿರಿದಾಗಿ, ಉಪಕರಣ ಇರುವುದಕ್ಕಿಂತ ಹೆಚ್ಚು ಆಮ್ಲಜನಕ ತೋರಿಸುವ ಕಡೆಗೆ ಜಾರುತ್ತದೆ. ಇನ್ನೊಂದು ಕಾರಣ, ಕೆಂಪು ಸಂಕೇತವೇ ಕ್ಷೀಣಿಸಿ ಗದ್ದಲದ ಪಾಲು ಹೆಚ್ಚುವುದು. ಬೆರಳು ತಣ್ಣಗಿದ್ದರೆ ಮತ್ತಷ್ಟು. ಎಲ್ಲಕ್ಕಿಂತ ಮುಖ್ಯವಾದದ್ದು, ಅನುಪಾತದಿಂದ ಪರ್ಯಾಪ್ತತೆಗೆ ಹೋಗುವ ಕೋಷ್ಟಕ ಸಿದ್ಧಾಂತದಿಂದ ಬಂದದ್ದಲ್ಲ. ಆರೋಗ್ಯವಂತ ಸ್ವಯಂಸೇವಕರಿಗೆ ಕಡಿಮೆ ಆಮ್ಲಜನಕದ ಗಾಳಿ ಕೊಟ್ಟು, ರಕ್ತ ಪರೀಕ್ಷೆಯೊಡನೆ ಹೋಲಿಸಿ ಸಿದ್ಧಪಡಿಸಿದ್ದು. ಅಮೆರಿಕದ ಆಹಾರ ಮತ್ತು ಔಷಧ ಆಡಳಿತದ 2013ರ ಮಾರ್ಗಸೂಚಿ ಕೇಳುತ್ತಿದ್ದದ್ದು ಕನಿಷ್ಠ 10 ಜನರನ್ನು. ಅವರಲ್ಲಿ ಕಡು ಚರ್ಮದವರು ಇಬ್ಬರು ಅಥವಾ ನೂರಕ್ಕೆ 15, ಯಾವುದು ಹೆಚ್ಚೋ ಅದು. ಹತ್ತರಲ್ಲಿ ಇಬ್ಬರಿದ್ದರೆ ಸಾಕು ಎಂದಾಯಿತು. 2025ರ ಜನವರಿಯಲ್ಲಿ ಅದು ಪ್ರಕಟಿಸಿದ ಕರಡು ಈ ಸಂಖ್ಯೆಯನ್ನು 150ಕ್ಕೆ ಏರಿಸಿ, ಚರ್ಮದ ಬಣ್ಣವನ್ನು ಹತ್ತು ಛಾಯೆಗಳ ಮಾಂಕ್ ಮಾಪಕದಿಂದಲೂ ಉಪಕರಣದಿಂದಲೂ ಅಳೆಯಬೇಕೆಂದಿತು. ಹಳೆಯ ಫಿಟ್ಜ್‌ಪ್ಯಾಟ್ರಿಕ್ ಮಾಪಕ 1975ರಲ್ಲಿ ಹುಟ್ಟಿದ್ದು ಅತಿನೇರಳೆ ಚಿಕಿತ್ಸೆಯ ಪ್ರಮಾಣ ನಿರ್ಧರಿಸಲು. ಅದರಲ್ಲಿ ಕಂದು, ಕಪ್ಪು ಚರ್ಮಗಳನ್ನು ಆಮೇಲೆ ಅಂಟಿಸಿದ್ದು!

ನಮ್ಮ ಮನೆಯಲ್ಲಿರುವ ಆಕ್ಸಿಮೀಟರಿನ ಡಬ್ಬಿಯೊಳಗಿನ ಚೀಟಿಯಲ್ಲಿ 70ರಿಂದ 100ರವರೆಗೆ ಧನ ಋಣ 2 ಎಂದು ನಿಖರತೆ ಕೊಟ್ಟಿದೆ. ಯಾರ ಮೇಲೆ ಅಳೆದದ್ದು ಎಂಬ ಮಾತೇ ಇಲ್ಲ. ಈ 2 ಎಂಬುದು ಗರಿಷ್ಠ ದೋಷವೂ ಅಲ್ಲ, ವರ್ಗಗಳ ಸರಾಸರಿಯ ಮೂಲ. ಅಂದರೆ ಮೂರರಲ್ಲಿ ಒಂದು ಓದು ಆ ಮಿತಿಯ ಹೊರಗಿರುವುದು ಸಹಜ. 94ಕ್ಕಿಂತ ಇಳಿದರೆ ಆಸ್ಪತ್ರೆ, ಇಲ್ಲವಾದರೆ ಮನೆ ಎಂದು 2021ರಲ್ಲಿ ಗೆರೆ ಎಳೆದಿದ್ದೆವು. ಆ ಗೆರೆಯ ದಪ್ಪ ಎಷ್ಟೆಂದು ಎಷ್ಟು ಜನಕ್ಕೆ ತಿಳಿದಿತ್ತು? ಪಿಯುಸಿ ಪ್ರಯೋಗಾಲಯದಲ್ಲಿ ವರ್ನಿಯರ್ ಕ್ಯಾಲಿಪರ್ಸ್‌ನ ಶೂನ್ಯದೋಷ ಬರೆಯದಿದ್ದರೆ ಅಂಕ ಕಳೆಯುತ್ತೇವೆ.

ಈಗ ನಮ್ಮ ಕ್ಯಾಂಪಸ್ಸುಗಳಿಗೆ ಬರೋಣ. 2019ರ ಎಂಬಿಬಿಎಸ್ ಪಠ್ಯಕ್ರಮದಿಂದಾಗಿ ಮೊದಲ ವರ್ಷದಿಂದಲೇ ವಿದ್ಯಾರ್ಥಿಗಳಿಗೆ ರೋಗಿಗಳ ದರ್ಶನವಾಗುತ್ತದೆ. ವಾರ್ಡಿನಲ್ಲಿ ಅವರು ಕಲಿಯುವ ಮೊದಲ ಮಂತ್ರ 'ಪಿಕಲ್': ಪ್ಯಾಲರ್, ಇಕ್ಟೆರಸ್, ಸಯನೋಸಿಸ್, ಕ್ಲಬ್ಬಿಂಗ್, ಲಿಂಫ್ ಗ್ರಂಥಿ, ಎಡಿಮ. ನನ್ನಲ್ಲಿ ಭೌತವಿಜ್ಞಾನ ಓದಿ ಈಗ ಸರ್ಕಾರಿ ವೈದ್ಯ ಕಾಲೇಜಿನಲ್ಲಿರುವ ಹುಡುಗಿಯೊಬ್ಬಳು ಹೇಳುವಂತೆ, ಕೇಸ್ ಷೀಟಿನಲ್ಲಿ ಇವುಗಳೆದುರು 'ಇಲ್ಲ, ಇಲ್ಲ, ಇಲ್ಲ' ಎಂದು ಗೀಚುವುದು ಉಪ್ಪಿನಕಾಯಿಯಷ್ಟೇ ಅಭ್ಯಾಸ. ಮೊದಲ ಮೂರು ಬಣ್ಣದ ಲಕ್ಷಣಗಳು ಎಂಬುದನ್ನು ಗಮನಿಸಿ. ನಮ್ಮ ಹಿರಿಯ ವೈದ್ಯರು ಮುಖ ನೋಡಿ ಇವನ್ನು ತೀರ್ಮಾನಿಸುವುದಿಲ್ಲ. ಕೆಳರೆಪ್ಪೆ ಎಳೆದು ಒಳಭಾಗ ನೋಡುತ್ತಾರೆ, ನಾಲಿಗೆ ಚಾಚಿಸುತ್ತಾರೆ, ಉಗುರು, ಅಂಗೈ ಗೆರೆ ನೋಡುತ್ತಾರೆ. ಇವೆಲ್ಲ ಮೆಲನಿನ್ ತೀರ ಕಡಿಮೆಯಿರುವ ಕಿಟಕಿಗಳು. ಮುಕ್ವೆಂಡೆಯವರ ಪ್ರಶ್ನೆಗೆ ನಮ್ಮ ವಾರ್ಡುಗಳಲ್ಲಿ ಬಹುಕಾಲದಿಂದ ಒಂದು ಉತ್ತರವಿದೆ. ಆದರೆ ಅದು ಬಾಯಿಂದ ಬಾಯಿಗೆ ಬಂದದ್ದು, ಪುಸ್ತಕದ ಚಿತ್ರವಾಗಿಲ್ಲ. ಕೈಪಿಡಿಯ ಹೆಸರಿನಲ್ಲಿ 'ಕಂದು' ಎಂಬ ಪದವಿದೆ. ಕಂದು ಚರ್ಮದವರನ್ನೇ ದಿನವೂ ನೋಡುವ ದೇಶಗಳ ಈ ಅನುಭವ ಅದಕ್ಕೆ ಇನ್ನೂ ಧಾರಾಳವಾಗಿ ಸಲ್ಲಬೇಕಿತ್ತು. ತಿಳಿ ಚರ್ಮವನ್ನು ಪಕ್ಕದಲ್ಲಿಟ್ಟೇ ಕಡು ಚರ್ಮವನ್ನು ತೋರಿಸುವಾಗ ತಿಳಿಯೇ ಮೂಲ, ಉಳಿದದ್ದು ಅದರಿಂದ ವ್ಯತ್ಯಾಸ ಎಂಬ ಹಳೆಯ ಕ್ರಮ ಮುಂದುವರಿಯುತ್ತದೆ ಎಂಬುದೂ ನನ್ನ ತಕರಾರು.

ಕಡು ಚರ್ಮ ಎಲ್ಲವನ್ನೂ ಅಡಗಿಸುತ್ತದೆ ಎಂದೂ ಅಲ್ಲ. ಕುಷ್ಠದ ಮಚ್ಚೆ ಕಂದು ಚರ್ಮದಲ್ಲಿ ಸುತ್ತಲಿಗಿಂತ ತಿಳಿಯಾಗಿ, ದೂರದಿಂದಲೇ ಎದ್ದು ಕಾಣಬಲ್ಲದು. ಪ್ರಾಥಮಿಕ ಆರೋಗ್ಯ ಕೇಂದ್ರದ ಗೋಡೆಯ ಭಿತ್ತಿಪತ್ರದಲ್ಲಿ 'ತಿಳಿ ಬಣ್ಣದ, ಸ್ಪರ್ಶಜ್ಞಾನವಿಲ್ಲದ ಮಚ್ಚೆ' ಎಂದು ಬರೆದಿರುತ್ತದೆ. ಬಿಳಿ ಚರ್ಮವನ್ನು ಮಾದರಿಯಾಗಿಟ್ಟು ಆ ಭಿತ್ತಿಪತ್ರ ಬರೆಯಲಾಗುತ್ತಿರಲಿಲ್ಲ.

ಸಯನೋಸಿಸ್‌ನದು ಮಾತ್ರ ಇನ್ನೂ ಗಂಭೀರ. ಇಲ್ಲಿ ಚರ್ಮದ ಬಣ್ಣದ ಮೇಲೆ ರಕ್ತಹೀನತೆಯೂ ಕೂಡಿಕೊಳ್ಳುತ್ತದೆ. ಕಣ್ಣಿಗೆ ನೀಲಿ ಕಾಣಬೇಕಾದರೆ ಲೋಮನಾಳಗಳ ರಕ್ತದ ಪ್ರತಿ ಡೆಸಿಲೀಟರಿನಲ್ಲಿ ಸುಮಾರು 5 ಗ್ರಾಂ ಹೀಮೊಗ್ಲೋಬಿನ್ ಆಮ್ಲಜನಕವಿಲ್ಲದೆ ಇರಬೇಕೆಂದು ಲುಂಡ್ಸ್‌ಗಾರ್ಡ್ ಎಂಬ ವೈದ್ಯ 1919ರಲ್ಲಿ ತೋರಿಸಿದ. ಶೇಕಡಾವಾರು ಅಲ್ಲ, 5 ಗ್ರಾಂ. ಹೀಮೊಗ್ಲೋಬಿನ್ 15 ಇರುವವನಲ್ಲಿ ಮೂರರಲ್ಲಿ ಒಂದು ಪಾಲು ಆಮ್ಲಜನಕ ಕಳೆದುಕೊಂಡರೆ ತುಟಿ ನೀಲಿಯಾಗುತ್ತದೆ. ಹೀಮೊಗ್ಲೋಬಿನ್ 7 ಇರುವ ಬಾಣಂತಿಯಲ್ಲಿ ಏಳರಲ್ಲಿ ಐದು ಪಾಲು ಕಳೆದುಕೊಳ್ಳಬೇಕು. ಅಷ್ಟರೊಳಗೆ ಅವಳು ಉಳಿದಿರುವುದಿಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ದೇಶದಲ್ಲಿ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ನೂರಕ್ಕೆ 57 ಮಂದಿಗೆ ರಕ್ತಹೀನತೆ. ಇಂಥ ದೇಶದಲ್ಲಿ ಕೇಸ್ ಷೀಟಿನ 'ಸಯನೋಸಿಸ್ ಇಲ್ಲ' ಎಂಬ ಬರಹಕ್ಕೆ ಎಷ್ಟು ಅರ್ಥವಿದೆ ಎಂಬುದನ್ನು ಪ್ರತಿ ವಿದ್ಯಾರ್ಥಿಯೂ ಒಮ್ಮೆ ಲೆಕ್ಕ ಹಾಕಿ ನೋಡಬೇಕು. ಐದನೆಯ ತರಗತಿಯ ಭಾಗಾಕಾರ ಸಾಕು.

ನೀಟ್ ಪರೀಕ್ಷೆಯ 720 ಅಂಕಗಳಲ್ಲಿ 180 ಭೌತವಿಜ್ಞಾನಕ್ಕೆ. ಎರಡು ವರ್ಷ ಹಗಲಿರುಳು ಓದುತ್ತಾರೆ, ಸೀಟು ಸಿಕ್ಕ ಮರುದಿನ ಪುಸ್ತಕಗಳು ಹಳೆ ಪೇಪರಿನವನಿಗೆ. ಇದರಲ್ಲಿ ವಿದ್ಯಾರ್ಥಿಗಳ ತಪ್ಪು ಕಡಿಮೆ. ಧ್ರುವೀಕರಣದ ಪ್ರಶ್ನೆಯನ್ನು ಮಾಲುಸ್‌ನ ನಿಯಮದ ಲೆಕ್ಕವಾಗಿ ಮಾತ್ರ ಕೇಳುವವರು ನಾವು. ಅದೇ ಪೊಲರಾಯ್ಡು ಚರ್ಮದ ಹೊಳಪನ್ನು ತೆಗೆದು ಗಂದೆಯನ್ನು ತೋರಿಸಬಲ್ಲದು ಎಂದು ಯಾವ ಕೋಚಿಂಗ್ ತರಗತಿಯಲ್ಲೂ ಹೇಳಿದ್ದನ್ನು ನಾನು ಕೇಳಿಲ್ಲ.

ಈ ಪ್ರಯೋಗವನ್ನು ಯಾವ ಪಿಯು ಕಾಲೇಜಿನಲ್ಲೂ ಮಾಡಬಹುದು. ಪ್ರಯೋಗಾಲಯದ ಎರಡು ಪೊಲರಾಯ್ಡ್ ಹಾಳೆಗಳಲ್ಲಿ ಒಂದನ್ನು ಎಲ್‌ಇಡಿ ಟಾರ್ಚಿನ ಮುಂದೆ, ಇನ್ನೊಂದನ್ನು ಮೊಬೈಲು ಕ್ಯಾಮರಾದ ಮುಂದೆ ಹಿಡಿಯಿರಿ. ಮುಂಗೈಯನ್ನು ಅರ್ಧ ನಿಮಿಷ ಬಟ್ಟೆಯಿಂದ ಮೆಲ್ಲಗೆ ಉಜ್ಜಿ, ಪಕ್ಕದಲ್ಲಿ ಬೂದುಬಣ್ಣದ ರಟ್ಟು ಇಟ್ಟು, ಹಾಳೆಗಳು ಸಮಾಂತರವಿದ್ದಾಗ ಒಂದು, ಲಂಬವಾಗಿದ್ದಾಗ ಒಂದು ಚಿತ್ರ ತೆಗೆಯಿರಿ. ಕ್ಯಾಮರಾದ ಬೆಳಕಿನ ಹೊಂದಾಣಿಕೆಯನ್ನು ಕೈಯಾರೆ ನಿಗದಿಪಡಿಸಿ, ಎರಡನೆಯ ಚಿತ್ರಕ್ಕೆ ಹೆಚ್ಚು ಬೆಳಕು ಕೊಡಬೇಕಾಗುತ್ತದೆ. ತರಗತಿಯ ಐದಾರು ಬೇರೆ ಬೇರೆ ಬಣ್ಣದ ಕೈಗಳಲ್ಲಿ ಇದನ್ನು ಮಾಡಿ. ಉಜ್ಜಿದ ಜಾಗ ಮತ್ತು ಪಕ್ಕದ ಜಾಗದ ಹಸಿರು ಅಂಶವನ್ನು ಕಂಪ್ಯೂಟರಿನಲ್ಲಿ ಓದಿ, ಎರಡರ ಅನುಪಾತವನ್ನು ಕೋಷ್ಟಕದಲ್ಲಿ ಬರೆದುಕೊಳ್ಳಿ. ಪೊಲರಾಯ್ಡುಗಳನ್ನು ಲಂಬವಾಗಿ ಹಿಡಿದಾಗ ಆರು ಕೈಗಳ ಅನುಪಾತಗಳು ಒಂದಕ್ಕೊಂದು ಹತ್ತಿರವಾಗುತ್ತವೆಯೇ ನೋಡಿ.